ಕಂಗ್ಟಿ: ಪಂಚಾಯತಿ ಲೆಕ್ಕ ತಪಾಸಣೆ
ಕಂಗ್ಟಿಯು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿ, ಕರ್ನಾಟಕದ ಗಡಿಗೆ ಹತ್ತಿರವಿರುವ ಮಂಡಲ. 2016ರವರೆಗೆ ಮೆದಕ್ ಜಿಲ್ಲೆಗೆ ಸೇರಿತ್ತು. 2018ರ ತೆಲಂಗಾಣ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮ ಪಂಚಾಯತಿಯ ಚೆಕ್ಕಿಗೆ ಸರಪಂಚ, ಉಪಸರಪಂಚ ಇಬ್ಬರ ಸಹಿಯೂ ಬೇಕು. ಲೆಕ್ಕವನ್ನು ರಾಜ್ಯ ಲೆಕ್ಕ ಪರಿಶೋಧನಾ ಇಲಾಖೆ ಪರಿಶೀಲಿಸುತ್ತದೆ. ಇದು ಕಾಗದದ ತಪಾಸಣೆ. ಇದಕ್ಕಿಂತ ಹರಿತವಾದದ್ದು ಸಾಮಾಜಿಕ ಲೆಕ್ಕ ಪರಿಶೋಧನೆ. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಮು, ಆ ಯೋಜನೆಯ ಕಾಮಗಾರಿಗಳ ಮಟ್ಟಿಗೆ, ಇದನ್ನು ಗ್ರಾಮಸಭೆಗೆ ವಹಿಸಿತು. ಅವಿಭಜಿತ ಆಂಧ್ರಪ್ರದೇಶ 2009ರಲ್ಲಿ ಇದಕ್ಕೆಂದೇ ಸ್ವತಂತ್ರ ಸಂಸ್ಥೆ ಕಟ್ಟಿತು. ಪರಿಶೋಧನಾ ತಂಡದವರು ಮಸ್ಟರ್ ರೋಲ್ (ಕೂಲಿಕಾರರ ಹಾಜರಿ ಪಟ್ಟಿ) ಹಿಡಿದು ಮನೆಮನೆಗೆ ಹೋಗಿ ಕೂಲಿ ಸಂದಿದೆಯೇ ಎಂದು ಕೇಳುತ್ತಾರೆ, ತೋಡಿದ ಕಾಲುವೆ ಅಳೆಯುತ್ತಾರೆ, ಮಂಡಲದ ಬಹಿರಂಗ ವಿಚಾರಣೆಯಲ್ಲಿ ವರದಿ ಓದುತ್ತಾರೆ. ಆಡಳಿತ ಭಾಷೆ ತೆಲುಗಾದ್ದರಿಂದ, ಇಲ್ಲಿನ ಕನ್ನಡ ಮನೆಮಾತಿನವರಿಗೆ ಕಡತಕ್ಕಿಂತ ಈ ಬಾಯಿಮಾತಿನ ವಿಚಾರಣೆಯೇ ಹತ್ತಿರ. ದುರ್ಬಳಕೆಯ ಹಣದ ವಸೂಲಿ ಮಾತ್ರ ಅಧಿಕಾರಿಗಳ ಕೈಯಲ್ಲೇ ಉಳಿದಿದೆ.