ಕಂಪ್ಯೂಟರ್ ತಂಪಾಗಿಸುವ ಅಕ್ರಿಲಿಕ್ ತೊಟ್ಟಿ: ಮನೆಯಲ್ಲೇ ಮಾಡುವ ವಿಧಾನ

ನೀರು ಮತ್ತು ಕರೆಂಟು ಒಂದೆಡೆ ಸೇರಬಾರದು ಎಂಬುದು ಎಲ್ಲರಿಗೂ ಗೊತ್ತು. ಆದರೂ ಕಂಪ್ಯೂಟರನ್ನು ನೀರಿನಿಂದ ತಂಪಾಗಿಸುವ ಪದ್ಧತಿ ಹೊಸದಲ್ಲ. ಐಬಿಎಂ ಕಂಪೆನಿ 1960ರ ದಶಕದಲ್ಲೇ ತನ್ನ ಸಿಸ್ಟಂ 360 ಮಾದರಿ 91ಕ್ಕೆ ನೀರಿನ ವ್ಯವಸ್ಥೆ ಅಳವಡಿಸಿತ್ತು. 1985ರ ಕ್ರೇ-2 ಸೂಪರ್ ಕಂಪ್ಯೂಟರಿನ ಭಾಗಗಳು ವಿದ್ಯುತ್ ಹರಿಯದ ದ್ರವದಲ್ಲಿ ಮುಳುಗಿಕೊಂಡೇ ಕೆಲಸ ಮಾಡುತ್ತಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಆರಂಭವಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗಕ್ಕೂ ದ್ರವ ತಂಪಿನ ವ್ಯವಸ್ಥೆ ಇದೆ.

ಪತ್ರ ಬರೆಯಲು, ಬಿಲ್ ತೆಗೆಯಲು ಬಳಸುವ ಕಂಪ್ಯೂಟರಿಗೆ ಇದರ ಅಗತ್ಯವಿಲ್ಲ, ಫ್ಯಾನೇ ಸಾಕು. ಮದುವೆ ವಿಡಿಯೋ ಎಡಿಟಿಂಗ್, ಅನಿಮೇಷನ್, ದೊಡ್ಡ ಗೇಮ್‌ಗಳಿಗೆ ಗಂಟೆಗಟ್ಟಲೆ ದುಡಿಯುವ ಯಂತ್ರಗಳಿಗೆ ಮಾತ್ರ ಇದು ಉಪಯುಕ್ತ. ಇದರಲ್ಲಿ ಪ್ರೊಸೆಸರ್ ಮೇಲೆ ಕೂರುವ ಲೋಹದ ಬ್ಲಾಕ್, ರೇಡಿಯೇಟರ್, ಪಂಪ್, ಕೊಳವೆ ಮತ್ತು ನೀರಿನ ತೊಟ್ಟಿ ಎಂಬ ಐದು ಭಾಗಗಳಿರುತ್ತವೆ. ಇವುಗಳಲ್ಲಿ ಮನೆಯಲ್ಲಿ ಮಾಡಿಕೊಳ್ಳಬಹುದಾದದ್ದು ತೊಟ್ಟಿ ಒಂದೇ.

ತೊಟ್ಟಿಯ ಕೆಲಸವೇನು?

ದೊಡ್ಡ ತೊಟ್ಟಿ ಇದ್ದರೆ ಹೆಚ್ಚು ತಂಪು ಎಂಬುದು ತಪ್ಪು ತಿಳಿವಳಿಕೆ. ಒಂದು ಲೀಟರ್ ನೀರಿಗೆ 250 ವ್ಯಾಟ್ ಶಾಖ ಸೇರಿದರೆ ಅದು ನಿಮಿಷಕ್ಕೆ ಸುಮಾರು 3.6 ಡಿಗ್ರಿ ಬಿಸಿಯಾಗುತ್ತದೆ. ಎರಡು ಲೀಟರ್ ಇದ್ದರೆ ಬಿಸಿಯೇರುವುದು ನಿಧಾನವಾಗುತ್ತದೆ, ಅಷ್ಟೇ. ಶಾಖವನ್ನು ಹೊರಹಾಕುವುದು ರೇಡಿಯೇಟರ್. ಪಂಪಿಗೆ ಗಾಳಿಗುಳ್ಳೆ ಇಲ್ಲದ ನೀರು ಸದಾ ಸಿಗುವಂತೆ ನೋಡಿಕೊಳ್ಳುವುದು ತೊಟ್ಟಿಯ ಕೆಲಸ. ಆದ್ದರಿಂದ ತೊಟ್ಟಿ ಪಂಪಿಗಿಂತ ಮೇಲಿರಬೇಕು. ನೀರಿಲ್ಲದೆ ಓಡಿದ ಪಂಪ್ ಬೇಗ ಕೆಡುತ್ತದೆ.

ವಯನಾಡು ಸಮುದ್ರಮಟ್ಟದಿಂದ 700ರಿಂದ 2,100 ಮೀಟರ್ ಎತ್ತರದಲ್ಲಿದೆ. ಕೋಣೆ ತಂಪಾಗಿದ್ದಷ್ಟೂ ರೇಡಿಯೇಟರಿಗೆ ಅನುಕೂಲ. ಮಳೆಗಾಲದ ತೇವಕ್ಕೆ ಕೊಳವೆಗಳು ಬೆವರುತ್ತವೆಯೇ ಎಂಬ ಸಂಶಯ ಬರಬಹುದು. ರೇಡಿಯೇಟರ್ ನೀರನ್ನು ಕೋಣೆಯ ಉಷ್ಣತೆಗಿಂತ ಕೆಳಗೆ ಇಳಿಸುವುದಿಲ್ಲ. ಹಾಗಾಗಿ ಆ ಭಯವಿಲ್ಲ.

ಅಳತೆ ಮತ್ತು ಸಾಮಗ್ರಿ

ಬೋರ್ಡ್ ಬರೆಯುವ ಅಂಗಡಿಗಳಲ್ಲಿ ಅಕ್ರಿಲಿಕ್ ಹಾಳೆಯ ಉಳಿದ ತುಂಡುಗಳು ಸಿಗುತ್ತವೆ. ಎರಕ ಹೊಯ್ದು ಮಾಡಿದ 'ಕಾಸ್ಟ್' ಹಾಳೆಯನ್ನೇ ಕೇಳಿ ಪಡೆಯಬೇಕು. ಅಗ್ಗದ 'ಎಕ್ಸ್‌ಟ್ರೂಡೆಡ್' ಹಾಳೆ ತೂತು ಕೊರೆಯುವಾಗ ಕರಗಿ ಅಂಟುತ್ತದೆ, ಬೇಗ ಬಿರುಕು ಬಿಡುತ್ತದೆ.

ಸುಮಾರು 430 ಮಿಲಿಲೀಟರ್ ಹಿಡಿಯುವ ತೊಟ್ಟಿಗೆ ಬೇಕಾದ ತುಂಡುಗಳು ಹೀಗಿವೆ:

- ಮುಂದೆ, ಹಿಂದೆ: 72 x 120 ಮಿ.ಮೀ., 6 ಮಿ.ಮೀ. ದಪ್ಪದ 2 ತುಂಡು
- ಪಕ್ಕಗಳು: 60 x 120 ಮಿ.ಮೀ., 6 ಮಿ.ಮೀ. ದಪ್ಪದ 2 ತುಂಡು
- ತಳ, ಮುಚ್ಚಳ: 72 x 72 ಮಿ.ಮೀ., 10 ಮಿ.ಮೀ. ದಪ್ಪದ 2 ತುಂಡು
- ಒಳಗಿನ ಅಡ್ಡಗೋಡೆ: 60 x 40 ಮಿ.ಮೀ., 6 ಮಿ.ಮೀ. ದಪ್ಪದ 1 ತುಂಡು

ತಳದಲ್ಲಿ ಎರಡು ತೂತು, ಮುಚ್ಚಳದಲ್ಲಿ ನೀರು ತುಂಬಲು ಒಂದು ತೂತು. ತಳದ ಎರಡು ತೂತುಗಳ ನಡುವೆ ಅಡ್ಡಗೋಡೆ ನಿಲ್ಲುತ್ತದೆ. ಒಳಬಂದ ನೀರು ಗೋಡೆ ಹತ್ತಿ ಇಳಿಯುವಷ್ಟರಲ್ಲಿ ಗುಳ್ಳೆಗಳು ಮೇಲೇರಿ ಹೋಗುತ್ತವೆ. ನೀರಿನ ಮಟ್ಟ ಯಾವಾಗಲೂ ಈ ಗೋಡೆಗಿಂತ ಮೇಲಿರಬೇಕು.

ಕಂಪ್ಯೂಟರ್ ಫಿಟ್ಟಿಂಗ್‌ಗಳಿಗೆ ಕಾಲು ಇಂಚಿನ ಬಿಎಸ್‌ಪಿ ಪ್ಯಾರಲಲ್ ಥ್ರೆಡ್ ಬೇಕು. ಇದಕ್ಕೆ 11.8 ಮಿ.ಮೀ. ತೂತು ಕೊರೆದು ಟ್ಯಾಪ್ ಹಾಕಬೇಕು. ಲೇತ್ ವರ್ಕ್‌ಶಾಪ್‌ನಲ್ಲಿ ಮಾಡಿಸುವುದು ಉತ್ತಮ. ಅಡಿಗೆ ಮರದ ತುಂಡು ಇಟ್ಟು, ಸಾಬೂನು ನೀರು ಹಾಕುತ್ತ ನಿಧಾನವಾಗಿ ಕೊರೆಯಲು ಹೇಳಬೇಕು. ತುದಿ ಕಿರಿದಾಗುವ ಟೇಪರ್ ಥ್ರೆಡ್ ಬೇಡ, ಅದು ಬಿಗಿಯಾದಂತೆ ಅಕ್ರಿಲಿಕ್ ಸೀಳುತ್ತದೆ. ಸೋರದಂತೆ ತಡೆಯುವುದು ಫಿಟ್ಟಿಂಗಿನ ರಬ್ಬರ್ ಉಂಗುರ. ಕೈಯಿಂದ ಬಿಗಿ ಮಾಡಿದರೆ ಸಾಕು, ಸ್ಪ್ಯಾನರ್ ಬಳಸಬಾರದು.

ಅಂಟಿಸುವುದು

ತೊಟ್ಟಿಯ ಹಣೆಬರಹ ನಿರ್ಧಾರವಾಗುವುದು ಇಲ್ಲಿಯೇ. ಅಂಚುಗಳನ್ನು ಒದ್ದೆ ಸ್ಯಾಂಡ್‌ಪೇಪರಿನಿಂದ ಸಮತಟ್ಟಾಗಿ ಉಜ್ಜಬೇಕು. ಎರಡು ತುಂಡು ಸೇರಿಸಿ ಹಿಡಿದಾಗ ನಡುವೆ ಬೆಳಕು ಕಾಣಬಾರದು. ಅಕ್ರಿಲಿಕ್‌ಗೆ ಬಳಸುವ ಕ್ಲೋರೋಫಾರಂ ಅಥವಾ ಡೈಕ್ಲೋರೋಮೀಥೇನ್ ಗೋಂದಿನಂತಹ ಅಂಟಲ್ಲ. ಅವು ಅಂಚುಗಳನ್ನು ಕರಗಿಸಿ ಒಂದಾಗಿಸುತ್ತವೆ. ಸಿರಿಂಜಿನ ಸೂಜಿಯಿಂದ ಸಂದಿನ ಉದ್ದಕ್ಕೂ ಬಿಟ್ಟರೆ ದ್ರಾವಕ ತಾನಾಗಿ ಒಳಗೆ ಹರಿಯುತ್ತದೆ. ಅಡ್ಡಗೋಡೆಯನ್ನು ಮೊದಲು, ಮುಚ್ಚಳವನ್ನು ಕೊನೆಗೆ ಅಂಟಿಸಬೇಕು. ಎರಡು ದಿನ ಆರಲು ಬಿಡಬೇಕು.

ಕರ್ಕಿಡಕದ ಮಳೆಯಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ದ್ರಾವಕ ಆರುವಾಗ ಆ ಜಾಗ ತಣ್ಣಗಾಗಿ ಗಾಳಿಯ ತೇವವನ್ನು ಸೆಳೆಯುತ್ತದೆ. ಜೋಡಣೆ ಬೆಳ್ಳಗಾಗಿ ದುರ್ಬಲವಾಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ದಿನಗಳು ಸೂಕ್ತ.

ಈ ದ್ರಾವಕಗಳ ಆವಿ ವಿಷ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ಡೈಕ್ಲೋರೋಮೀಥೇನಿನ ಮನೆಬಳಕೆಯನ್ನು ನಿಷೇಧಿಸಿತು. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಅಡುಗೆಮನೆಯಲ್ಲಿ, ಮಕ್ಕಳ ಹತ್ತಿರ ಬಳಸಲೇಬಾರದು. ಸಾಧ್ಯವಾದರೆ ತುಂಡುಗಳನ್ನು ಸಿದ್ಧಪಡಿಸಿಕೊಂಡು, ಅಂಟಿಸುವ ಕೆಲಸವನ್ನು ಬೋರ್ಡ್ ಅಂಗಡಿಯ ಅನುಭವಿಗಳಿಗೆ ಬಿಡುವುದು ಕ್ಷೇಮ.

ಸೋರಿಕೆ ಪರೀಕ್ಷೆ

ಮೊದಲು ತೊಟ್ಟಿಗೆ ಮಾತ್ರ ಬಣ್ಣದ ನೀರು ತುಂಬಿ, ಒಣ ಕಾಗದದ ಮೇಲೆ 24 ಗಂಟೆ ಇಡಬೇಕು. ಕಾಗದದ ಮೇಲೆ ಒಂದು ಚುಕ್ಕೆ ಕಂಡರೂ ಆ ತೊಟ್ಟಿ ಬೇಡ. ಮೇಲಿಂದ ಎಂ-ಸೀಲ್ ಮೆತ್ತಿ ಸರಿಪಡಿಸಿದರೆ ಬಹಳ ದಿನ ನಿಲ್ಲುವುದಿಲ್ಲ. ಅಕ್ರಿಲಿಕ್ ಹಾಳೆಯ ಬೆಲೆ ಮದರ್‌ಬೋರ್ಡಿನ ಬೆಲೆಯ ಮುಂದೆ ಏನೂ ಅಲ್ಲ.

ಎರಡನೆಯ ಪರೀಕ್ಷೆ ಎಲ್ಲವನ್ನೂ ಜೋಡಿಸಿದ ಮೇಲೆ. ತೊಟ್ಟಿಯ ಮುಕ್ಕಾಲು ಭಾಗ ಶುದ್ಧ ನೀರು ತುಂಬಿ, ಪಂಪಿಗೆ ಮಾತ್ರ ಬೇರೆ ಪವರ್ ಸಪ್ಲೈಯಿಂದ 12 ವೋಲ್ಟ್ ಕೊಟ್ಟು ಮತ್ತೆ 24 ಗಂಟೆ ಓಡಿಸಬೇಕು. ಆಗ ಕಂಪ್ಯೂಟರಿನ ಉಳಿದ ಯಾವ ಭಾಗಕ್ಕೂ ಕರೆಂಟು ಇರಬಾರದು. ಪಂಪ್ ಶುರುವಾದಾಗ ನೀರಿನ ಮಟ್ಟ ಇಳಿಯುತ್ತದೆ, ಆಗಾಗ ನಿಲ್ಲಿಸಿ ತುಂಬಿಸುತ್ತಿರಬೇಕು.

ಯಾವ ನೀರು?

ಬಾವಿ, ಬೋರ್‌ವೆಲ್ ನೀರಿನಲ್ಲಿ ಲವಣವಿರುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಬೇಕು. ಇನ್‌ವರ್ಟರ್ ಬ್ಯಾಟರಿಗೆ ಹಾಕಲು ಮಾರುವ ಡಿಸ್ಟಿಲ್ಡ್ ವಾಟರ್ ಆಗಬಹುದು, ಬ್ಯಾಟರಿ ಆಸಿಡ್ ಅಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಪಾಚಿ ಮತ್ತು ತುಕ್ಕು ತಡೆಯಲು ಕಂಪ್ಯೂಟರಿಗೆಂದೇ ಮಾರುವ ಔಷಧವನ್ನು ಬೆರೆಸಬೇಕು. ತಾಮ್ರದ ಬ್ಲಾಕಿಗೆ ಅಲ್ಯುಮಿನಿಯಂ ರೇಡಿಯೇಟರ್ ಜೋಡಿಸಿದರೆ ಅಲ್ಯುಮಿನಿಯಂ ಸವೆಯುತ್ತದೆ.

ತೊಟ್ಟಿಯ ಮೇಲೆ ಬಿಸಿಲು ಬೀಳಬಾರದು. ಅದನ್ನು ಸ್ಪಿರಿಟ್, ಪೆಟ್ರೋಲ್, ಥಿನ್ನರ್‌ಗಳಿಂದ ಒರೆಸಿದರೆ ಥ್ರೆಡ್ ಸುತ್ತ ಕೂದಲೆಳೆಯಂತಹ ಬಿರುಕು ಮೂಡುತ್ತದೆ. ಸಾಬೂನು ನೀರು, ಮೆತ್ತನೆಯ ಬಟ್ಟೆ ಸಾಕು. ವರ್ಷಕ್ಕೊಮ್ಮೆ ನೀರು ಬದಲಿಸಿ, ಆಗಲೇ ಪ್ರತಿ ಜೋಡಣೆಯನ್ನೂ ಟಾರ್ಚ್ ಬೆಳಕಿನಲ್ಲಿ ನೋಡಬೇಕು.