ಬೀಗ ತೆಗೆಯೋ ಜಾಗ: ಹಳದಿ ಚೀಟಿಯ ನಗುಮುಖ ಮತ್ತು ಎಚ್‌ಟಿಟಿಪಿಎಸ್ ಕತೆ

ಇವತ್ತಿನ ಕತೆ ಒಂದು ಚಿತ್ರದಿಂದ ಶುರುವಾಗುತ್ತೆ.

2013ರ ಅಕ್ಟೋಬರ್ 30. ಎಡ್ವರ್ಡ್ ಸ್ನೋಡೆನ್ ಹೊರಗೆ ತಂದ ರಹಸ್ಯ ದಾಖಲೆಗಳಲ್ಲಿ ಒಂದನ್ನ ಅಮೆರಿಕದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಪ್ರಕಟಿಸ್ತು. ಅದು ಅಲ್ಲಿನ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯ ಸ್ಲೈಡ್. ಹಳದಿ ಚೀಟಿಯ ಮೇಲೆ ಕೈಯಲ್ಲಿ ಬರೆದ ಎರಡು ಮೋಡಗಳು. ಒಂದು ಸಾರ್ವಜನಿಕ ಇಂಟರ್ನೆಟ್, ಇನ್ನೊಂದು ಗೂಗಲ್‌ನ ಒಳಜಾಲ. ಎರಡೂ ಸೇರೋ ಕಡೆ ಒಂದು ಚೌಕ. ಅದಕ್ಕೊಂದು ಬಾಣ, ‘ಎಸ್‌ಎಸ್‌ಎಲ್ ಹಾಕೋದೂ ತೆಗೆಯೋದೂ ಇಲ್ಲೇ’ ಅನ್ನೋ ಅರ್ಥದ ಒಂದು ಸಾಲು, ಪಕ್ಕದಲ್ಲಿ ನಗುಮುಖ.

ಗೂಗಲ್ ಜೊತೆ ಹತ್ತಿರದ ನಂಟಿದ್ದ ಇಬ್ಬರು ಎಂಜಿನಿಯರ್‌ಗಳು ಈ ಚಿತ್ರ ನೋಡಿ ಬಾಯಿಗೆ ಬಂದಂತೆ ಬೈದ್ರು ಅಂತ ಪತ್ರಿಕೆ ಬರೆದಿತ್ತು. ಒಂದು ಚೌಕಕ್ಕೆ ಇಷ್ಟು ಸಿಟ್ಟು ಯಾಕೆ?

ಉತ್ತರಕ್ಕೆ ಮೊದಲು ಯಾವುದಾದ್ರೂ ಸರ್ಕಾರಿ ಕಚೇರಿ ನೆನಪು ಮಾಡ್ಕೊಳ್ಳಿ. ನೀವು ಅರ್ಜಿ ಬರೆದು, ಲಕೋಟೆ ಅಂಟಿಸಿ ಕಳಿಸ್ತೀರ. ಅದು ನೇರ ಸಾಹೇಬರ ಮೇಜಿಗೆ ಹೋಗಲ್ಲ. ಮೊದಲು ಟಪಾಲು ಶಾಖೆ. ಅಲ್ಲಿ ಲಕೋಟೆ ಒಡೆದು, ಯಾವ ವಿಷಯ ಅಂತ ನೋಡಿ, ಮೊಹರು ಹಾಕಿ, ಸಂಬಂಧಪಟ್ಟ ಮೇಜಿಗೆ ಕಳಿಸ್ತಾರೆ. ಟಪಾಲು ಶಾಖೆಯಿಂದ ಮೇಜಿನ ತನಕ ಕಾರಿಡಾರಿನಲ್ಲಿ ಹೋಗೋದು ತೆರೆದ ಕಾಗದ.

ದೊಡ್ಡ ವೆಬ್‌ಸೈಟ್‌ಗಳಲ್ಲಿ ಈ ಟಪಾಲು ಶಾಖೆಯ ಹೆಸರು ಲೋಡ್ ಬ್ಯಾಲೆನ್ಸರ್. ಸೈಟಿನ ಹಿಂದೆ ನೂರಾರು ಸರ್ವರ್ ಇರಬಹುದು. ನಿಮ್ಮ ಫೋನಿಗೆ ಕಾಣೋದು ಒಂದೇ ವಿಳಾಸ. ಆ ತೋರಿಕೆಯ ವಿಳಾಸಕ್ಕೆ ವರ್ಚುವಲ್ ಸರ್ವರ್ ಅಂತಾರೆ. ಎಸ್‌ಎಸ್‌ಎಲ್ ಅಂದ್ರೆ ಲಕೋಟೆಯ ಅಂಟು. ಗೂಗಲ್‌ನ ಹೆಬ್ಬಾಗಿಲಿನ ಅಂಥ ಸರ್ವರ್‌ಗಳೇ ಆ ಚಿತ್ರದ ಚೌಕ.

ಈ ವ್ಯವಸ್ಥೆ ಯಾರದೋ ಸೋಮಾರಿತನದಿಂದ ಬಂದದ್ದಲ್ಲ. 1995ರಲ್ಲಿ ನೆಟ್‌ಸ್ಕೇಪ್ ಕಂಪನಿ ಎಸ್‌ಎಸ್‌ಎಲ್‌ನ 2ನೇ ಆವೃತ್ತಿಯನ್ನ ಜಗತ್ತಿನ ಮುಂದಿಟ್ಟಿತು. 1ನೇ ಆವೃತ್ತಿ ಹೊರಗೆ ಬರಲೇ ಇಲ್ಲ. ಕ್ರೆಡಿಟ್ ಕಾರ್ಡ್ ನಂಬರನ್ನ ಧೈರ್ಯವಾಗಿ ಟೈಪ್ ಮಾಡೋ ಕಾಲ ಆಗ ಶುರುವಾಯ್ತು. 1999ರಲ್ಲಿ ಇದಕ್ಕೇ ಟಿಎಲ್‌ಎಸ್ ಅನ್ನೋ ಹೊಸ ಹೆಸರು ಬಂತು. ಆದ್ರೆ ಪ್ರತಿ ಹೊಸ ಸಂಪರ್ಕಕ್ಕೂ ಸರ್ವರ್ ಮಾಡಬೇಕಿದ್ದ ಗುಪ್ತಲಿಪಿಯ ಲೆಕ್ಕ ಅಂದಿನ ಪ್ರೊಸೆಸರ್‌ಗಳಿಗೆ ಭಾರ. ಜನ ಮುಗಿಬಿದ್ದರೆ ಸರ್ವರ್ ಸುಸ್ತು.

1996ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಎಫ್5 ಕಂಪನಿ ಮರುವರ್ಷ ಬಿಗ್-ಐಪಿ ಅನ್ನೋ ಲೋಡ್ ಬ್ಯಾಲೆನ್ಸರ್ ತಂತು. ಮುಂದೆ ಇಂಥ ಪೆಟ್ಟಿಗೆಗಳಿಗೆ ಗುಪ್ತಲಿಪಿಯ ಲೆಕ್ಕಕ್ಕಂತಲೇ ಪ್ರತ್ಯೇಕ ಚಿಪ್ ಸೇರ್ತು. ಬೀಗ ತೆಗೆಯೋ ಕೆಲಸ ಬಾಗಿಲಲ್ಲೇ ಮುಗಿದ್ರೆ ಒಳಗಿನ ಸರ್ವರ್‌ಗಳು ಹಗುರ. ಇನ್ನೊಂದು ಕಾರಣವೂ ಇತ್ತು. ಲಕೋಟೆ ಒಡೆಯದೆ ಒಳಗಿನ ಕುಕಿ ಕಾಣಲ್ಲ, ಯಾವ ಪುಟ ಕೇಳಿದ್ದಾರೆ ಅನ್ನೋದೂ ಗೊತ್ತಾಗಲ್ಲ. ಅದು ಗೊತ್ತಾಗದೆ, ಶಾಪಿಂಗ್ ಕಾರ್ಟ್ ತುಂಬಿಸಿದ ಗ್ರಾಹಕನನ್ನ ಮತ್ತೆ ಅದೇ ಸರ್ವರ್‌ಗೆ ಕಳಿಸೋದು ಕಷ್ಟ.

ಬೀಗ ತೆಗೆಯೋ ಜಾಗ ಇದಾದ ಮೇಲೆ, ತೊಂದರೆಗಳೂ ಇಲ್ಲೇ ಬಂದು ಸೇರಿದ್ವು. ನಿಮಗೂ ಇವು ಗೊತ್ತಿರುತ್ತೆ. ‘ಟೂ ಮೆನಿ ರೀಡೈರೆಕ್ಟ್ಸ್’ ಅಂತ ಬರುತ್ತಲ್ಲ? ಬಾಗಿಲಲ್ಲಿ ಬೀಗ ತೆಗೆದು, ಒಳಗೆ ಸಾದಾ ಎಚ್‌ಟಿಟಿಪಿಯಲ್ಲಿ ಕಳಿಸಿದ್ರೆ, ಒಳಗಿನ ಸರ್ವರ್ ‘ಇದು ಸುರಕ್ಷಿತ ಅಲ್ಲ, ಎಚ್‌ಟಿಟಿಪಿಎಸ್‌ನಲ್ಲಿ ಬನ್ನಿ’ ಅನ್ನುತ್ತೆ. ನೀವು ಬಂದದ್ದೇ ಹಾಗೆ! ಮತ್ತೆ ಬರ್ತೀರ, ಮತ್ತೆ ವಾಪಸ್. ‘ಹೊರಗೆ ಬೀಗ ಇತ್ತು’ ಅಂತ ಬಾಗಿಲಿನವನು ಒಂದು ಹೆಡರ್ ಸಾಲು ಸೇರಿಸಿ, ಒಳಗಿನ ಸರ್ವರ್ ಅದನ್ನ ನಂಬಿದ್ರೆ ಸಮಸ್ಯೆ ಮುಗೀತು.

ಇನ್ನೊಂದು, ಲ್ಯಾಪ್‌ಟಾಪ್‌ನಲ್ಲಿ ತೆರೆಯೋ ಸೈಟ್ ಫೋನಲ್ಲಿ ತೆರೆಯಲ್ಲ. ಎಷ್ಟೋ ಸಲ ಕಾರಣ, ವರ್ಚುವಲ್ ಸರ್ವರ್‌ಗೆ ಸೈಟಿನ ಸರ್ಟಿಫಿಕೇಟ್ ಮಾತ್ರ ಹಾಕಿ, ನಡುವಿನ ಸರ್ಟಿಫಿಕೇಟ್ ಹಾಕೋದನ್ನ ಮರೆತಿರೋದು. ಲ್ಯಾಪ್‌ಟಾಪಿನ ಬ್ರೌಸರ್ ಅದನ್ನ ಹಿಂದೆಂದೋ ನೋಡಿ ಉಳಿಸ್ಕೊಂಡಿರುತ್ತೆ ಅಥವಾ ತಾನೇ ಹುಡುಕಿ ತರುತ್ತೆ. ಫೋನಲ್ಲಿ ಆ ಅನುಕೂಲ ಇಲ್ಲದಿದ್ರೆ, ಅದು ಅಲ್ಲೇ ನಿಲ್ಲುತ್ತೆ.

ಇಂಥ ದೋಷ ಹುಡುಕೋರಿಗೆ ಒಂದು ಹಳೇ ಉಪಕರಣ ಇತ್ತು, ಹೆಸರು ಎಸ್‌ಎಸ್‌ಎಲ್‌ಡಂಪ್. ಬರೆದವರು ಎರಿಕ್ ರೆಸ್ಕೋರ್ಲಾ. ಆ ಹೆಸರನ್ನ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ. ತಂತಿಯಲ್ಲಿ ಹಾದುಹೋದದ್ದನ್ನ ರೆಕಾರ್ಡ್ ಮಾಡಿ, ಸರ್ವರಿನ ಖಾಸಗಿ ಕೀಲಿ ಕೊಟ್ಟರೆ ಸಾಕು, ಒಳಗಿನ ಮಾತೆಲ್ಲ ಬಿಡಿಸಿ ತೋರಿಸ್ತಿತ್ತು. ಯಾಕಂದ್ರೆ ಹಳೇ ವಿಧಾನದಲ್ಲಿ ಎಲ್ಲ ಸಂಭಾಷಣೆಗೂ ಆಧಾರ ಅದೇ ಒಂದು ಕೀಲಿ. ಎಂಜಿನಿಯರ್‌ಗೆ ಸಲೀಸು. ಆದ್ರೆ ಕೀಲಿ ಕೈಗೆ ಸಿಕ್ಕಿದ ಬೇರೆ ಯಾರಿಗಾದ್ರೂ ಅಷ್ಟೇ ಸಲೀಸು.

ಈಗ ಹಳದಿ ಚೀಟಿಗೆ ವಾಪಸ್ ಬರೋಣ. ಎನ್‌ಎಸ್‌ಎ ಮತ್ತು ಬ್ರಿಟನ್ನಿನ ಜಿಸಿಎಚ್‌ಕ್ಯು ಸೇರಿ ನಡೆಸ್ತಿದ್ದ ಆ ಕಾರ್ಯಾಚರಣೆಯ ಹೆಸರು ಮಸ್ಕ್ಯುಲರ್. ಅವರು ಗುಪ್ತಲಿಪಿ ಒಡೆಯೋಕೆ ಹೋಗಲಿಲ್ಲ. ಗೂಗಲ್ ಮತ್ತು ಯಾಹೂದ ಡೇಟಾ ಸೆಂಟರ್‌ಗಳ ನಡುವಿನ ಕೇಬಲ್‌ಗೆ ಕೈ ಹಾಕಿದ್ರು. ಅಂದ್ರೆ, ಕಾರಿಡಾರಿನಲ್ಲಿ ತೆರೆದ ಕಾಗದ ಓದಿದ್ರು. ಒಂದು ದಾಖಲೆಯ ಪ್ರಕಾರ, 2013ರ ಜನವರಿ 9ಕ್ಕೆ ಹಿಂದಿನ 30 ದಿನಗಳಲ್ಲಿ ಬಂದ ಹೊಸ ದಾಖಲೆಗಳು 18 ಕೋಟಿಗೂ ಹೆಚ್ಚು. ನಿಮ್ಮ ಫೋನಿನಿಂದ ಬಾಗಿಲ ತನಕ ಬೀಗ ಭದ್ರವಾಗೇ ಇತ್ತು. ಬಾಗಿಲಿನಿಂದಾಚೆಗಿನ ಬಗ್ಗೆ ಅದು ಯಾವ ಭರವಸೆಯನ್ನೂ ಕೊಟ್ಟಿರಲಿಲ್ಲ.

ಗೂಗಲ್ ತನ್ನ ಡೇಟಾ ಸೆಂಟರ್‌ಗಳ ನಡುವೆಯೂ ಗುಪ್ತಲಿಪಿ ಹಾಕೋ ಕೆಲಸಕ್ಕೆ ಆಗಲೇ ವೇಗ ಕೊಟ್ಟಿತ್ತು. ಯಾಹೂ ನವೆಂಬರ್‌ನಲ್ಲಿ ಅದೇ ಮಾತು ಕೊಟ್ಟಿತು. ಅಷ್ಟರಲ್ಲಿ 2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ದೋಷ ಬಯಲಾಯ್ತು. ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಒಂದು ತಪ್ಪಿನಿಂದ, ಹೊರಗಿನವರು ಕೇಳಿದ್ರೆ ಸರ್ವರ್ ತನ್ನ ನೆನಪಿನಿಂದ ಒಂದೊಂದು ಸಲಕ್ಕೆ 64 ಕಿಲೋಬೈಟ್ ತನಕ ಕೊಟ್ಟುಬಿಡ್ತಿತ್ತು. ಅದರಲ್ಲಿ ಖಾಸಗಿ ಕೀಲಿಯೂ ಇರಬಹುದು. ಕೀಲಿ ಸಿಕ್ಕಿದ್ರೆ? ಹಳೇ ವಿಧಾನದ ಸೈಟ್‌ಗಳಲ್ಲಿ ನಿನ್ನೆ ರೆಕಾರ್ಡ್ ಮಾಡಿಟ್ಟದ್ದನ್ನೂ ಬಿಡಿಸಬಹುದು.

ಪರಿಹಾರ ಗೊತ್ತಿತ್ತು. ಪ್ರತಿ ಸಂಪರ್ಕಕ್ಕೂ ಎರಡೂ ಕಡೆಯವರು ತಾತ್ಕಾಲಿಕ ಕೀಲಿ ಮಾಡ್ಕೊಂಡು, ಕೆಲಸ ಮುಗಿದ ಮೇಲೆ ಅದನ್ನ ಎಸೆಯೋದು. ಆಮೇಲೆ ಖಾಸಗಿ ಕೀಲಿ ಕದ್ದರೂ ಹಳೇ ಮಾತು ತೆರೆಯಲ್ಲ. ಗೂಗಲ್ ಇದನ್ನ 2011ರಲ್ಲೇ ಜಾರಿಗೆ ತಂದಿತ್ತು. ಟಿಎಲ್‌ಎಸ್ 1.3 ತಯಾರಾಗುವಾಗ, ಹಳೇ ವಿಧಾನವನ್ನ ಪೂರ್ತಿ ಕೈಬಿಡೋಣ ಅಂತ ತೀರ್ಮಾನ ಆಯ್ತು.

ಆಗ ಒಂದು ಮನವಿ ಬಂತು. 2016ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಬ್ಯಾಂಕುಗಳನ್ನ ಪ್ರತಿನಿಧಿಸೋ ಸಂಘಟನೆಯೊಂದರ ಕಡೆಯಿಂದ. ಹಳೇ ವಿಧಾನ ಹೋದ್ರೆ ನಮ್ಮ ಒಳಜಾಲದಲ್ಲಿ ವಂಚನೆ ಪತ್ತೆ ಮಾಡೋದು, ದೋಷ ಹುಡುಕೋದು ಕಷ್ಟ ಆಗುತ್ತೆ ಅನ್ನೋದು ಅದರ ಸಾರ. ನಕ್ಕು ತಳ್ಳಿಹಾಕೋ ಮಾತಲ್ಲ ಇದು. ದುಡ್ಡು ಕಳಿಸುವಾಗ ಆ್ಯಪ್ ನಿಂತುಹೋದ್ರೆ ಕಾರಣ ಹುಡುಕಲೇಬೇಕಲ್ವಾ? ಆದ್ರೆ ಮಾನದಂಡ ಬರೆಯೋರು ಒಪ್ಪಲಿಲ್ಲ. ಒಳ್ಳೆಯವರಿಗೆ ಮಾತ್ರ ತೆರೆಯೋ ಕಿಟಕಿ ಇಲ್ಲಿ ಸಾಧ್ಯ ಇರಲಿಲ್ಲ. 2018ರ ಆಗಸ್ಟ್‌ನಲ್ಲಿ ಟಿಎಲ್‌ಎಸ್ 1.3 ಪ್ರಕಟವಾಯ್ತು. ಅದರ ಮೇಲಿರೋ ಸಂಪಾದಕರ ಹೆಸರು? ಎರಿಕ್ ರೆಸ್ಕೋರ್ಲಾ. ಒಂದೇ ಕೀಲಿಯಿಂದ ಎಲ್ಲ ಓದೋ ಉಪಕರಣ ಬರೆದವರೇ, ಆ ರೀತಿ ಓದೋಕೆ ಆಗದ ನಿಯಮವನ್ನೂ ಬರೆದ್ರು.

ಹಾಗಾದ್ರೆ ಈಗ ದೋಷ ಹುಡುಕೋದು ಹೇಗೆ? ತಂತಿ ಮಧ್ಯೆ ಕೂತು ಕದ್ದು ಕೇಳೋದರಿಂದಲ್ಲ, ಮಾತಾಡೋ ಇಬ್ಬರಲ್ಲಿ ಒಬ್ಬರನ್ನ ಕೇಳೋದರಿಂದ. ಫೈರ್‌ಫಾಕ್ಸ್, ಕ್ರೋಮ್ ಬ್ರೌಸರ್‌ಗಳಿಗೆ ಹೇಳಿದ್ರೆ, ತಾವು ಬಳಸಿದ ತಾತ್ಕಾಲಿಕ ಕೀಲಿಗಳನ್ನ ಒಂದು ಫೈಲಿಗೆ ಬರೆದುಕೊಡ್ತವೆ. ಅದನ್ನ ವೈರ್‌ಶಾರ್ಕ್‌ಗೆ ಕೊಟ್ಟರೆ ಆ ಸಂಪರ್ಕ ಮಾತ್ರ ಬಿಡಿಸ್ಕೊಳ್ಳುತ್ತೆ, ಉಳಿದವರದ್ದು ಮುಚ್ಚಿಯೇ ಇರುತ್ತೆ. ಲೋಡ್ ಬ್ಯಾಲೆನ್ಸರ್‌ನಲ್ಲೂ ಮೊದಲ ಪ್ರಶ್ನೆ ಅದೇ: ತೊಂದರೆ ಇರೋದು ಫೋನು ಮತ್ತು ಬಾಗಿಲ ನಡುವೆಯಾ, ಬಾಗಿಲು ಮತ್ತು ಒಳಗಿನ ಸರ್ವರ್ ನಡುವೆಯಾ? ನಿಮಗೆ ‘502 ಬ್ಯಾಡ್ ಗೇಟ್‌ವೇ’ ಅಂತ ಕಂಡ್ರೆ ಸಾಮಾನ್ಯವಾಗಿ ಅರ್ಥ ಇಷ್ಟು: ಬಾಗಿಲಿನವನು ಎದ್ದಿದ್ದಾನೆ, ಒಳಗಿನಿಂದ ಸರಿಯಾದ ಉತ್ತರ ಬಂದಿಲ್ಲ.

ಮುಂದಿನ ಸಲ ಅಡ್ರೆಸ್ ಬಾರ್‌ನಲ್ಲಿ ಎಚ್‌ಟಿಟಿಪಿಎಸ್ ನೋಡಿದಾಗ ಇಷ್ಟು ನೆನಪಿರಲಿ. ಆ ಬೀಗ ಬಾಗಿಲ ತನಕದ್ದು. ಆಮೇಲಿನ ಕಾರಿಡಾರಿನಲ್ಲಿ ನಿಮ್ಮ ಕಾಗದ ಮುಚ್ಚಿ ಹೋಗುತ್ತಾ, ತೆರೆದು ಹೋಗುತ್ತಾ ಅನ್ನೋದು ಆ ಕಂಪನಿಯ ತೀರ್ಮಾನ. ಅದನ್ನ ಕೇಳೋ ಹಕ್ಕು ನಮಗಿದೆ.