ವಂಶದ ಬೇರು



ಮಠಕ್ಕೆ ಬರುವ ಭಕ್ತರಲ್ಲಿ ಕೆಲವರು, “ಬುದ್ಧಿ, ನಮ್ಮ ತಾತ ಮುತ್ತಾತಂದಿರು ಯಾವ ಊರಿನವರು? ತಿಳಿಯುವುದು ಹೇಗೆ?” ಎಂದು ಕೇಳುವುದುಂಟು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಸೀಮೆಯವರಿಗೆ ಇದು ಸುಲಭದ ಪ್ರಶ್ನೆಯಲ್ಲ. ಇಲ್ಲಿ ಎಷ್ಟೋ ಮನೆತನಗಳು ಒಂದೇ ನೆಲದಲ್ಲಿ ನಿಂತು ಬೆಳೆದವಲ್ಲ.

ಶಿರಾ ಪಟ್ಟಣವನ್ನೇ ನೋಡಿರಿ. 1687ರಲ್ಲಿ ಮೊಗಲರ ವಶವಾಗಿ ಸುಬೆಯ ಮುಖ್ಯಪಟ್ಟಣವಾಯಿತು. 1761ರಲ್ಲಿ ಹೈದರನ ಕೈಸೇರಿತು. ಟಿಪ್ಪುವಿನ ಕಾಲದಲ್ಲಿ ಅಲ್ಲಿಂದ 12,000 ಕುಟುಂಬಗಳನ್ನು ಶ್ರೀರಂಗಪಟ್ಟಣದ ಬಳಿಯ ಗಂಜಾಮಿಗೆ ಬಲವಂತವಾಗಿ ಸಾಗಿಸಿದರೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಲೆಕ್ಕ ತುಸು ಹೆಚ್ಚೇ ಇದ್ದೀತು. ಆದರೂ ಅಣ್ಣನ ಒಲೆ ಇಲ್ಲಿ, ತಮ್ಮನ ಒಲೆ ಕಾವೇರಿಯ ದಡದಲ್ಲಿ ಎಂದಾದ ಮೇಲೆ ವಂಶಾವಳಿ ಯಾರ ಬಾಯಲ್ಲಿ ಉಳಿದೀತು?

ಅದಕ್ಕಿಂತ ದೊಡ್ಡ ಪೆಟ್ಟು ಧಾತು, ಈಶ್ವರ ಸಂವತ್ಸರಗಳ ಬರ; 1876ರಿಂದ 78ರವರೆಗಿನದು. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷಕ್ಕೆ ಮೇಲಿತ್ತು. 1881ರಲ್ಲಿ ಅದು ಸುಮಾರು 42 ಲಕ್ಷಕ್ಕಿಳಿಯಿತು. ತುಮಕೂರು ಸೀಮೆ ಬಹಳ ನೊಂದಿತು. ಹೆತ್ತವರನ್ನು ಕಳೆದುಕೊಂಡ ಕೂಸುಗಳನ್ನು ಯಾರೋ ಪುಣ್ಯಾತ್ಮರು ಸಾಕಿದರು. ಸಾಕಿದ ಮನೆಯ ಹೆಸರೇ ಆ ಕೂಸಿನ ಹೆಸರಾಯಿತು. ನಿಮ್ಮಲ್ಲಿ ಅನೇಕರ ನೆನಪು ಐದನೆಯ ತಲೆಗೆ ನಿಂತುಹೋಗುವುದೇಕೆ ಎಂಬುದಕ್ಕೆ ಇದೂ ಒಂದು ಕಾರಣ.

ಈಗ ಹೆಣ್ಣು ಕೊಡುವ ಮಾತು ಬಂದಾಗ, “ಅವರ ಮೂಲ ಸರಿಯಿಲ್ಲ, ಅವರ ಮುತ್ತಜ್ಜ ಎಲ್ಲಿಂದಲೋ ಬಂದವನು” ಎಂದು ಹಿಂದೆ ಸರಿಯುವವರನ್ನು ನಾವು ಬಲ್ಲೆವು. ಇದು ನಮಗೆ ಬಹಳ ನೋವಿನ ಸಂಗತಿ. ಕೊರಳಿಗೆ ಲಿಂಗ ಬಂದ ದಿನವೇ ಆ ಮುತ್ತಜ್ಜ ಗುರುವಿನ ಮಗನಾದನಲ್ಲವೇ? ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆಗಾಗಿ ಕಲ್ಯಾಣದಲ್ಲಿ ರಕ್ತ ಹರಿಯಿತು. ಆ ಶರಣರ ಹೆಸರು ಹೇಳಿಕೊಳ್ಳುವ ನಾವು ಬರದಲ್ಲಿ ಬದುಕುಳಿದ ಕೂಸಿನ ಕುಲ ಕೇಳುವುದೆಂದರೇನು!

ಹುಡುಕಬೇಡಿ ಎಂದಲ್ಲ, ಅವಶ್ಯ ಹುಡುಕಿರಿ. ಹಳೆಯ ಕಾಗದಗಳಲ್ಲಿ ಮಧುಗಿರಿ ಎಂದು ಇರದು, ಮದ್ದಗಿರಿ ಎಂದಿರುತ್ತದೆ. ಕೊರಟಗೆರೆ ಒಂದು ಕಾಲಕ್ಕೆ ಅದರ ಉಪತಾಲ್ಲೂಕು. ಆದ್ದರಿಂದ ಅಲ್ಲಿಯವರ ಕಾಗದಪತ್ರ ಮಧುಗಿರಿಯಲ್ಲಿಯೂ ಸಿಕ್ಕೀತು. ಪಾವಗಡದ ಸುತ್ತ ಆಂಧ್ರದ ನೆಲ; ಒಬ್ಬನೇ ಹಿರಿಯನ ಹೆಸರು ಒಂದು ಕಡೆ ಕನ್ನಡದಲ್ಲಿ, ಮತ್ತೊಂದು ಕಡೆ ತೆಲುಗಿನ ರೂಪದಲ್ಲಿ ಇದ್ದೀತು. ರೈಸ್ ಸಾಹೇಬರು 1904ರಲ್ಲಿ ಅಚ್ಚು ಹಾಕಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ನಿಮ್ಮೂರಿನ ಕಲ್ಲೂ ಇದೆಯೇ ಎಂದು ನೋಡಿರಿ.

ಇನ್ನು ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಂದು, ತಲೆತಲಾಂತರದ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುವ ಅವರ ವಿದ್ಯೆ ಸಾಮಾನ್ಯವಾದುದಲ್ಲ. ಅವರಿಗೆ ಕಾಳುಕಡಿ ಕೊಡುವಾಗ ಕೈ ಹಿಡಿಯಬೇಡಿರಿ. ಆದರೆ ಆ ಸಾಲಿನಲ್ಲಿ ಗಂಡಸರದೇ ಮೇಲುಗೈ. ಹೆತ್ತ ತಾಯಂದಿರು ಎಲ್ಲಿ ಹೋದರು? ಮುಂದಿನ ಸಲ ಹೆಳವರು ಬಂದಾಗ ಮನೆಯ ಅಜ್ಜಿಯನ್ನು ಜಗಲಿಗೆ ಕರೆದು ಕೂರಿಸಿರಿ. ಅವಳ ತವರು ಯಾವುದು, ಅವಳ ತಾಯಿಯ ತವರು ಯಾವುದು, ಮನೆದೇವರು ಯಾರು ಎಂದು ಕೇಳಿ, ಅವಳ ಹೆಸರನ್ನೂ ಸೇರಿಸಿ ಬರೆಸಿರಿ.